ಹಲ್ಲು ನೋಡದ ವ್ಯಾಪಾರ

ಅಮೀನಗಡದಾಗ ಕರದಂಟಿನಷ್ಟ ಕುರಿ ಸಂತಿಗೂ ಹೆಸರು. ಅಂಥಾ ಊರಾಗ ಬಾಜೂಮನಿ ಅಜ್ಜನ ಮೊಮ್ಮಗಳು ಮೊಬೈಲ್‌ನಾಗ ಯೂನಿಕಾರ್ನ್ ಅದಲುಬದಲು ಮಾಡಾಕ ಕುಂತಾಳ! ರೋಬ್ಲಾಕ್ಸ್ ಅನ್ನೂ ಆನ್‌ಲೈನ್ ಆಟದ ತಾಣದಾಗ 2017ಕ್ಕ ಬಂದ ‘ಅಡಾಪ್ಟ್ ಮಿ’ ಆಟ. ತತ್ತಿ ಒಡಸೂದು, ಮರಿ ಸಾಕೂದು, ಕೊಟ್ಟು ತಗೊಳ್ಳೂದು.

ಅಜ್ಜ ಕನ್ನಡಕ ಏರಿಸಿದ. “ಕೊಡಾಂವ ಯಾವೂರಾಂವವಾ?”

“ಗೊತ್ತಿಲ್ಲಜ್ಜಾ.”

“ಮರಿ ಹಲ್ಲರ ನೋಡೀಯೇನು?”

ಖರೇನ. ಸಂತ್ಯಾಗ ಟವೆಲ್ ಒಳಗ ಬೆರಳು ಹಿಡಿದು ದರ ಮುರಿಯೋರಿಗೂ ಎದುರಿನವನ ಮಾರಿ ಕಾಣತೈತಿ. ಇಲ್ಲಿ ಮರಿ ಅಷ್ಟ ಮುದ್ದು, ಮಾಲಕ ಯಾರೋ! ನನ್ನ ಕೇಳಿದರ ಚಾಟ್ ಬಂದ್ ಮಾಡಿ, ರೋಬಕ್ಸ್ ಅನ್ನೂ ಅಲ್ಲಿನ ರೊಕ್ಕದ ಖರ್ಚಿಗೆ ತಿಂಗಳ ಮಿತಿ ಹಾಕಿ ಆಡಾಕ ಬಿಡಬಹುದು. ಎರಡಕ್ಕೂ ಸೆಟ್ಟಿಂಗ್ ಅದಾವ. ಅಪ್ಪನ ಯುಪಿಐ ಪಿನ್ ಮಾತ್ರ ಹುಡುಗಿಗೆ ಗೊತ್ತಾಗಬಾರದು.

ಅಜ್ಜ ಈಗ ಬಾಜೂಕ ಕುಂತು ದಲಾಲಿಗೆ ಇಳಿದಾನ: “ಮೊದಲ ದರಕ್ಕ ಒಪ್ಪಬ್ಯಾಡ, ಎದ್ದು ಹೋದಂಗ ಮಾಡು!”