ಗುಟ್ಟಿಗೊಂದು ಶಾಸನ

ಡಾಕರ್‌ಫೈಲ್ ಬರೆಯುವುದರಲ್ಲಿ ನಮ್ಮ ಐಟಿ ಮಂದಿಯನ್ನು ಮೀರಿಸುವವರಿಲ್ಲ. ಇಮೇಜಿನಲ್ಲಿ ಪಾತ್ ಬದಲಾಗಬೇಕೇ? ‘ರನ್ ಎಕ್ಸ್‌ಪೋರ್ಟ್’ ಎಂದು ಒಂದು ಸಾಲು ಗೀಚಿ ಚಹಾಕ್ಕೆ ಎದ್ದೇಬಿಡುತ್ತಾರೆ. ಪ್ರತಿ ರನ್ ಸಾಲಿಗೂ ಹೊಸ ಶೆಲ್ ಹುಟ್ಟುತ್ತದೆ, ಸಾಲು ಮುಗಿದೊಡನೆ ಎಕ್ಸ್‌ಪೋರ್ಟ್ ಮಾಡಿದ್ದನ್ನೆಲ್ಲ ಕಟ್ಟಿಕೊಂಡು ಸಾಯುತ್ತದೆ, ಲೇಯರಿನಲ್ಲಿ ಉಳಿಯುವುದು ಫೈಲುಗಳು ಮಾತ್ರ. ಮುಂದಿನ ಸಾಲು ‘ಕಮಾಂಡ್ ನಾಟ್ ಫೌಂಡ್’ ಎನ್ನುತ್ತದೆ. ಪರಿಹಾರ ಸುಲಭ: ಎಕ್ಸ್‌ಪೋರ್ಟನ್ನು ಇನ್ನೊಮ್ಮೆ ಬರೆಯುವುದು. ಅದಕ್ಕೂ ಬಗ್ಗದಿದ್ದರೆ ಬ್ಯಾಷ್‌ಆರ್‌ಸಿಯಲ್ಲಿ ತುರುಕುವುದು. ರನ್ ಸಾಲನ್ನು ನಡೆಸುವ ಶೆಲ್ ಆ ಫೈಲನ್ನು ಮೂಸಿಯೂ ನೋಡುವುದಿಲ್ಲವಂತೆ. ಇರಲಿ, ಡಾಕರಿನಲ್ಲೇ ಬಗ್ ಇದೆಯೆಂದು ಮೀಟಿಂಗ್ ಕರೆದರಾಯಿತು.

ಯಾರೋ ಕಿರಿಯ ಹುಡುಗಿ ‘ಎನ್ವ್ ಅಂತ ಬೇರೆಯೇ ಸಾಲಿದೆಯಲ್ಲ ಸರ್’ ಎಂದು ನೆನಪಿಸುತ್ತಾಳೆ. ಸರ್ ಹಳೆಯ ಪಾತನ್ನು ಜೊತೆಗೆ ಸೇರಿಸದೆ ಹೊಸದೊಂದನ್ನೇ ಬರೆಯುತ್ತಾರೆ. ಇಮೇಜಿಗೆ ಈಗ ಎಲ್‌ಎಸ್ ಕೂಡ ಸಿಗುವುದಿಲ್ಲ.

ಆದರೆ ಎನ್ವ್‌ನಲ್ಲಿ ಹಾಕಿದ್ದು ಉಳಿಯುತ್ತದೆ ಎಂಬುದು ಖಾತ್ರಿಯಾಯಿತಲ್ಲ! ಅಂದಮೇಲೆ ಡೇಟಾಬೇಸ್ ಪಾಸ್‌ವರ್ಡ್ ಯಾಕೆ ಹೊರಗಿರಬೇಕು? ಅದೂ ಒಳಗೆ. ಸಂರಚನೆ ಪರಿಸರದಿಂದ ಬರಲಿ ಎಂದು ಹೆರೋಕುವಿನವರು ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ನಲ್ಲಿ 2011ರಲ್ಲೇ ಹೇಳಿದ್ದಾರೆ ಎಂಬ ಪ್ರಮಾಣವಾಕ್ಯ ಬೇರೆ. ಕಟ್ಟುವ ಹಂತ ಬೇರೆ, ಓಡಿಸುವ ಹಂತ ಬೇರೆ ಇರಲಿ ಎಂದೂ ಅದೇ ಪಟ್ಟಿಯಲ್ಲಿದೆ. ಅಷ್ಟು ಕೆಳಗಿನವರೆಗೆ ಓದುವ ವ್ಯವಧಾನ ಯಾರಿಗಿದೆ?

ಗುಟ್ಟು ಬಯಲಾದೀತೆಂಬ ಅಳುಕು ಹುಟ್ಟಿದಾಗ ಕೆಳಗೊಂದು ‘ರನ್ ಅನ್‌ಸೆಟ್’ ಸೇರಿಸುತ್ತಾರೆ. ಇಮೇಜು ಹಲ್ಮಿಡಿಯ ಕಲ್ಲಿದ್ದಂತೆ. ಮೇಲೆ ಬಟ್ಟೆ ಹೊದಿಸಿದರೆ ಅಕ್ಷರ ಅಳಿಯುವುದಿಲ್ಲ. ಇನ್ನೂ ಜಾಣರು ಅದೇ ಹೆಸರಿಗೆ ಕೆಳಗೆ ಖಾಲಿ ಬೆಲೆ ಕೊಡುತ್ತಾರೆ. ‘ಡಾಕರ್ ಹಿಸ್ಟರಿ’ ಎಂದು ಟೈಪಿಸಿದವನಿಗೆ ಹಳೆಯ ಬೆಲೆ ಸಾಲುಸಮೇತ ದರ್ಶನ ಕೊಡುತ್ತದೆ. ಪರಮಜಾಣರು ಎನ್ವ್ ಬಿಟ್ಟು ಆರ್ಗ್ ಹಿಡಿಯುತ್ತಾರೆ, ಅದು ಕಟ್ಟುವಾಗ ಮಾತ್ರ ಇರುತ್ತದೆಂದು. ಓಡುವ ಕಂಟೇನರಿನಲ್ಲಿ ಅದು ಇರುವುದಿಲ್ಲ, ನಿಜ. ಹಿಸ್ಟರಿ ಮಾತ್ರ ಅದನ್ನೂ ಬರೆದಿಟ್ಟುಕೊಂಡಿರುತ್ತದೆ.

ಡಾಕರಿನ ಬಿಲ್ಡ್‌ಕಿಟ್ 2018ರಿಂದಲೇ ಇದಕ್ಕೆ ದಾರಿ ತೋರಿಸಿದೆ. ಸೀಕ್ರೆಟ್ ಮೌಂಟ್ ಎಂದು, ಬೇಕಾದ ಒಂದು ರನ್ ಸಾಲಿಗಷ್ಟೇ ಗುಟ್ಟನ್ನು ತೋರಿಸಿ ತೆಗೆದುಬಿಡುತ್ತದೆ, ಲೇಯರಿನಲ್ಲಿ ಸುಳಿವೂ ಉಳಿಯುವುದಿಲ್ಲ. ಒಂದೇ ದೋಷವೆಂದರೆ ಅದಕ್ಕೆ ಒಂದು ಪುಟ ಓದಬೇಕು.

ಈಚೆಗೆ ಡಾಕರೇ ತಾಳ್ಮೆಗೆಟ್ಟಿದೆ. ಎನ್ವ್ ಅಥವಾ ಆರ್ಗ್ ಮುಂದೆ ಪಾಸ್‌ವರ್ಡ್, ಟೋಕನ್ ಎಂಬಂಥ ಹೆಸರು ಕಂಡರೆ ಬಿಲ್ಡ್ ಮಾಡುವಾಗಲೇ ಎಚ್ಚರಿಕೆ ಕೊಡುತ್ತದೆ. ತಂಡ ಗಂಭೀರವಾಗಿ ಚರ್ಚಿಸಿತು, ಟಿಕೆಟ್ ತೆರೆಯಿತು, ಹಿರಿಯರು ಸ್ವತಃ ಡಾಕರ್‌ಫೈಲಿಗೆ ಕೈಹಾಕಿ ಡೇಟಾಬೇಸ್ ಪಾಸ್‌ವರ್ಡಿನ ಹೆಸರನ್ನು ‘ನಮಸ್ಕಾರ’ ಎಂದು ಬದಲಿಸಿದರು. ಎಚ್ಚರಿಕೆ ನಿಂತಿತು. ಆಡಿಟ್ ಹಾಳೆಯಲ್ಲಿ ಹಸಿರು ಟಿಕ್ ಬಿದ್ದಿದೆ, ಇಮೇಜು ಎಲ್ಲರಿಗೂ ತೆರೆದ ರಿಜಿಸ್ಟ್ರಿಯಲ್ಲಿದೆ.