ಕೆಂಪು ಟಿಕ್ಕು

ಬ್ಯಾಂಕಿನಲ್ಲಿ 34 ವರ್ಷ ದುಡಿದವನು ನಾನು. ಅದರಲ್ಲಿ ಕೊನೆಯ 14 ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ನಾನು ಶಾಖೆಯ ಮೆಟ್ಟಿಲು ಹತ್ತಿದೆನೆಂದರೆ ಮ್ಯಾನೇಜರಿಗೆ ಎದೆಯುರಿ ಶುರುವಾಗುತ್ತಿತ್ತು, ಗುಮಾಸ್ತರ ಅಜ್ಜಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ನಿವೃತ್ತಿಯ ದಿನ ಲೆಡ್ಜರು ಅಲ್ಲೇ ಉಳಿಯಿತು, ಕೆಂಪು ಪೆನ್ನು ಮಾತ್ರ ಜೇಬಿನಲ್ಲಿ ಮನೆಗೆ ಬಂತು. ಮೊದಲ ತಿಂಗಳು ಹಾಲಿನ ಚೀಟಿ, ಇಸ್ತ್ರಿಯವನ ಲೆಕ್ಕ ನೋಡಿದೆ. ಎರಡನೇ ತಿಂಗಳು ಹೆಂಡತಿಯ ಸಾಸಿವೆ ಡಬ್ಬಿಗೆ ಕೈಹಾಕಿದೆ. ಅಲ್ಲಿ ಲೆಕ್ಕಕ್ಕೆ ಸಿಗದ 640 ರೂಪಾಯಿ ಇತ್ತು. "ರೀ, ನಾಳೆಯಿಂದ ಲೈಬ್ರರಿಗೆ ಹೋಗಿ" ಎಂದಳು. ಆ ಧ್ವನಿಯಲ್ಲಿ ಟ್ರಾನ್ಸ್‌ಫರ್ ಆರ್ಡರಿನ ಖದರಿತ್ತು. ಹೋದೆ.

ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ನನಗಿಂತ ಮೊದಲೇ ಯಾರೋ ಇನ್‌ಸ್ಪೆಕ್ಷನ್ ಮುಗಿಸಿದ್ದರು. ಪುಸ್ತಕಗಳ ಅಂಚಿನಲ್ಲೆಲ್ಲ ಪೆನ್ಸಿಲಿನ ಷರಾ. "ಸುಳ್ಳು." "ಇದು ಎರಡನೇ ಸಲ." "ಮುಂದಿನ 20 ಪುಟ ಬಿಡಬಹುದು." ಒಂದು ಕಾದಂಬರಿಯಲ್ಲಂತೂ ಮೂರನೇ ಪುಟದಲ್ಲೇ ಕೊಲೆಗಾರನ ಹೆಸರು ಬರೆದು ಅಡಿಗೆರೆ ಎಳೆದಿದ್ದರು. ಕನ್ನಡದಲ್ಲಿ ವಿಮರ್ಶೆ ಸತ್ತುಹೋಗಿದೆ ಎಂದು ಕೊರಗುವವರು ಯಾರಾದರೂ ಇದ್ದರೆ ಒಮ್ಮೆ ನಮ್ಮ ಲೈಬ್ರರಿಗೆ ಬರಲಿ.

ಮೊದಲು ಹಿಡಿದದ್ದು ಆತ್ಮಕಥೆಗಳನ್ನು. ತನ್ನ ಲೆಕ್ಕವನ್ನು ತಾನೇ ಬರೆದು, ತಾನೇ ತಾಳೆ ನೋಡಿ, ಸರಿಯಾಗಿದೆ ಎಂದು ತಾನೇ ಸಹಿ ಹಾಕಿಕೊಳ್ಳುವ ಪುಸ್ತಕ ಅದು. ನನ್ನಂಥವನ ಬಾಯಲ್ಲಿ ನೀರೂರದೆ ಇರುತ್ತದೆಯೇ? ನಿವೃತ್ತ ಅಧಿಕಾರಿಗಳು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದವು ಒಂದು ಕಪಾಟಿನ ತುಂಬ ಇದ್ದವು. ಎಲ್ಲರೂ ಬಾಲ್ಯದಲ್ಲಿ ನಾಲ್ಕು ಮೈಲಿ ನಡೆದೇ ಶಾಲೆಗೆ ಹೋಗಿದ್ದಾರೆ. ಶಾಲೆಯ ಪಕ್ಕದಲ್ಲೇ ಮನೆಯಿದ್ದ ಹುಡುಗ ಒಬ್ಬನೂ ಉದ್ಧಾರವಾಗಿ ಆತ್ಮಕಥೆ ಬರೆದ ಹಾಗಿಲ್ಲ. ಎಲ್ಲರೂ ಬೀದಿದೀಪದ ಕೆಳಗೆ ಓದಿದ್ದಾರೆ. ನಮ್ಮೂರಲ್ಲಿ ಬೀದಿಗೆ ಇದ್ದದ್ದು ಎರಡೇ ದೀಪ, ಅದರಲ್ಲೊಂದು ಉರಿಯುತ್ತಿರಲಿಲ್ಲ. ಅರ್ಧ ಪುಸ್ತಕ ದಾಟಿದ ಮೇಲೆ ಸನ್ಮಾನದ ಫೋಟೊಗಳು. ಅಲ್ಲಿಗೆ ನಾನು ಪೆನ್ನು ಮುಚ್ಚುತ್ತಿದ್ದೆ.

ಆದರೆ ದೊಡ್ಡವರ ಕಪಾಟಿಗೆ ಹೋದಾಗ ನನ್ನ ಲೆಕ್ಕವೇ ತಪ್ಪತೊಡಗಿತು. ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' (2011) ತೆರೆದರೆ ಮೊದಲಿಗೇ ಅರ್ಪಣೆ ಪುಣೆಯ ಒಬ್ಬ ಡಾಕ್ಟರಿಗೆ. ಏನು ಕಾಯಿಲೆ ವಾಸಿ ಮಾಡಿದ್ದರೋ ಎಂದು ನೋಡಿದರೆ, ಆ ವೈದ್ಯೆ ಮಾಡಿದ ಉಪಕಾರವೆಂದರೆ ಒಂದು ದಿನ ದವಾಖಾನೆಗೆ ಬಾರದೇ ಇದ್ದದ್ದು! ಕಾರ್ನಾಡರು ಹೊಟ್ಟೆಯಲ್ಲಿದ್ದಾಗ ಅವರ ತಾಯಿ, ಈ ಮಗು ಬೇಡವೆಂದು ಅಲ್ಲಿಗೆ ಹೋಗಿ ಒಂದು ಗಂಟೆ ಕಾದರಂತೆ. ಡಾಕ್ಟರು ಬರಲಿಲ್ಲ, ಇವರು ಮತ್ತೆ ಹೋಗಲಿಲ್ಲ. 'ತುಘಲಕ್' 'ಹಯವದನ'ಗಳೆಲ್ಲ ಒಬ್ಬರ ಗೈರುಹಾಜರಿಯ ಮೇಲೆ ನಿಂತಿವೆ. ನಾನು ನನ್ನ ಸರ್ವಿಸಿನಲ್ಲಿ ತಡವಾಗಿ ಬಂದ ಎಷ್ಟು ಜನರ ಹಾಜರಿ ಪುಸ್ತಕಕ್ಕೆ ಕೆಂಪು ಗೀರು ಎಳೆದಿದ್ದೇನೋ. ಅದನ್ನು ಓದಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೀಚಿಯವರು ತಮ್ಮ ಆತ್ಮಕಥೆಗೆ 'ಭಯಾಗ್ರಫಿ' ಎಂದು ಹೆಸರಿಟ್ಟು, ಓದುಗ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟರು. ಸಿದ್ಧಲಿಂಗಯ್ಯನವರ 'ಊರುಕೇರಿ' ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಅವರು ನಗಿಸುತ್ತಾರೆ. ಹೆಗಲ ಮೇಲೆ ನೊಗ ಹೊತ್ತು ಎತ್ತಿನ ಹಾಗೆ ಹೊಲ ಉಳುತ್ತಿರುವ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಎಂದು ಶುರು ಮಾಡಿದ ಮನುಷ್ಯ, ಹತ್ತು ಪುಟ ಕಳೆಯುವುದರೊಳಗೆ ನಮ್ಮನ್ನು ಬಿದ್ದುಬಿದ್ದು ನಗಿಸುತ್ತಾರೆ. ನಕ್ಕ ಮೇಲೆ ಯಾವುದಕ್ಕೆ ನಕ್ಕೆ ಎಂದು ಹಿಂತಿರುಗಿ ನೋಡಿದರೆ ಮುಖ ಬಿಸಿಯಾಗುತ್ತದೆ. ಸಾಲ ಕೊಟ್ಟವನು ಕೇಳದೆ ಸುಮ್ಮನೆ ಎದುರು ಕೂತು ನಗುತ್ತಿದ್ದರೆ ಆಗುವ ಸಂಕಟ ಅದು.

ಇನ್ನು ನನ್ನ ಕಸುಬಿಗೆ ಹಬ್ಬವಾದದ್ದು ಹೆಂಡಂದಿರು ಬರೆದ ಪುಸ್ತಕಗಳು. ಲಂಕೇಶರು 'ಹುಳಿ ಮಾವಿನ ಮರ' ಬರೆದರು. ಅವರು ಹೋದ ಎಷ್ಟೋ ವರ್ಷದ ಮೇಲೆ ಇಂದಿರಾ ಲಂಕೇಶ್ ಬರೆದದ್ದು 'ಹುಳಿಮಾವು ಮತ್ತು ನಾನು'. ಆ 'ಮತ್ತು ನಾನು' ಎಂಬ ಎರಡು ಪದ ಇದೆಯಲ್ಲ, ಅದಕ್ಕೆ ನಮ್ಮ ಭಾಷೆಯಲ್ಲಿ ಕಾಂಟ್ರಾ ಎಂಟ್ರಿ ಎನ್ನುತ್ತಾರೆ. ಒಂದೇ ಮನೆ, ಒಂದೇ ಸಂಸಾರ, ಎರಡು ಲೆಡ್ಜರು. ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ'ಯನ್ನೂ ಹಾಗೇ ಓದಿದೆ: ತೇಜಸ್ವಿಯವರು ಬರೆದಾಗ ಮೂಡಿಗೆರೆಯ ತೋಟದಲ್ಲಿ ಹಕ್ಕಿ, ಮೀನು, ಓತಿಕ್ಯಾತ ಎಲ್ಲ ಕಾಣಿಸುತ್ತವೆ, ಹೆಂಡತಿ ಬರೆದಾಗ, ಆ ಹೊತ್ತಿಗೆ ಒಳಗೆ ಒಲೆಯ ಮುಂದೆ ಯಾರಿದ್ದರು ಎಂಬುದೂ ಕಾಣಿಸುತ್ತದೆ. ಈ ಸಂಶೋಧನೆಯನ್ನು ಮನೆಯಲ್ಲಿ ಹೇಳಿದೆ. "ನಾನೂ ಒಂದು ಬರೀಲಾ?" ಎಂದಳು. ಸಾಸಿವೆ ಡಬ್ಬಿಯ 640 ರೂಪಾಯಿಯ ವಿಷಯವನ್ನು ಅಂದೇ ಕೈಬಿಟ್ಟೆ.

ಅವಳಿಗೆಂದು ತಂದದ್ದು ವಿಜಯಾ ಅವರ 'ಕುದಿ ಎಸರು'. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಎರಡು ರಾತ್ರಿ ಕೂತು ಓದಿದಳು. ಮೂರನೇ ದಿನ ಬೆಳಿಗ್ಗೆ ಮಾತಿಲ್ಲ, ಕಾಫಿ ಇಲ್ಲ. ನಾನೇ ಡಿಕಾಕ್ಷನ್ ಇಳಿಸಿದೆ. ಆಮೇಲೆ ನಾನೂ ಓದಿದೆ. ಆ ಪುಸ್ತಕದ ಬಳಿ ಕೆಂಪು ಪೆನ್ನು ಒಯ್ಯಲಿಲ್ಲ.

ಪ್ರೇಮ ಕಾದಂಬರಿಗಳಿಗೆ ಲೈಬ್ರರಿಗೆ ಹೋಗಬೇಕಾಗಿರಲಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ, ನನ್ನ ಹೆಂಡತಿಯ ಕನ್ಯಾವಸ್ಥೆ ಪೂರ್ತಿ ಮಲಗಿತ್ತು. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ. ಕೆಲವಕ್ಕೆ ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯ ಮೊಹರು ಇನ್ನೂ ಇತ್ತು. ಇವು ವಾಪಸಾಗಬೇಕಿದ್ದವಲ್ಲವೇ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅವಳು ಓದುವ ಕ್ರಮವೇ ಬೇರೆ. ಮೊದಲು ಕೊನೆಯ ಪುಟ. "ಕೊನೆಗೆ ಒಂದಾಗ್ತಾರೆ ಅಂತ ಗ್ಯಾರಂಟಿ ಆದ್ರೆ ನಡುವೆ ಎಷ್ಟು ಬೇಕಾದ್ರೂ ಅಳಬಹುದು ರೀ." ಸಾಲ ಕೊಡುವ ಮೊದಲು ಜಾಮೀನು ನೋಡುವುದೂ ಇದಕ್ಕೇ ಅಲ್ಲವೇ?

ನನ್ನ ಆಬ್ಜೆಕ್ಷನ್ನುಗಳನ್ನು ಹೇಳುತ್ತೇನೆ. ನಾಯಕ ಡಾಕ್ಟರು. 'ಹೊಂಬಿಸಿಲು' ಎತ್ತಿಕೊಂಡರೆ ಡಾಕ್ಟರು, 'ಬಂಧನ' ಎತ್ತಿಕೊಂಡರೂ ಡಾಕ್ಟರು, ಎರಡೂ ಸಿನಿಮಾ ಆದಾಗ ಆ ಡಾಕ್ಟರು ವಿಷ್ಣುವರ್ಧನ್. ಆ ಕಾಲದ ಹುಡುಗಿಯರಿಗೆ ತಲೆನೋವು ಯಾಕೆ ಅಷ್ಟು ಬರುತ್ತಿತ್ತು ಎಂದು ಈಗ ಅರ್ಥವಾಗುತ್ತಿದೆ. ಡಾಕ್ಟರಲ್ಲದಿದ್ದರೆ ಎಸ್ಟೇಟಿನ ಮಾಲೀಕ. ಕಾಫಿಗೆ ರೇಟು ಬಿದ್ದ ವರ್ಷವೂ ಅವನ ಕಾರಿನ ಹೊಳಪು ಮಾಸುವುದಿಲ್ಲ. ಯಾವ ಹುಡುಗನೂ ಬ್ಯಾಂಕಿನಲ್ಲಿಲ್ಲ. ಈ ಅನ್ಯಾಯವನ್ನು ಎತ್ತಿ ತೋರಿಸಿದಾಗ ಹೆಂಡತಿ, "ಬ್ಯಾಂಕಿನವನ ಕಥೆ ಓದೋಕೆ ಬಾಡಿಗೆ ಯಾಕೆ ಕೊಡಬೇಕಿತ್ತು, ಅಪ್ಪ ಪುಕ್ಕಟೆ ತಂದು ಕಟ್ಟಿದ್ರಲ್ಲ" ಎಂದಳು. ಇನ್ನು ಕಥೆಯ ನಡುವಿನ ಅಪಾರ್ಥಗಳು. ಅವಳು ನೋಡಿದ್ದು ಅವನ ಅತ್ತಿಗೆಯನ್ನು, ತಿಳಿದದ್ದು ಪ್ರೇಯಸಿ ಎಂದು. ಇದೊಂದು ಬಗೆಹರಿಯಲು ನೂರೈವತ್ತು ಪುಟ. ಮೊಬೈಲು ಬಂದು ನಮ್ಮ ಪ್ರೇಮ ಕಾದಂಬರಿಯ ಬೆನ್ನು ಮುರಿಯಿತೆಂದೇ ನನ್ನ ನಂಬಿಕೆ.

ಹಾಗೆಂದು ಇವನ್ನು ಹಗುರ ಮಾಡಿ ಮಾತಾಡುವ ಪಂಡಿತರನ್ನು ಕಂಡರೆ ನನಗೆ ಆಗುವುದಿಲ್ಲ. ರಾಧಾದೇವಿಯವರ ಕಾದಂಬರಿಯೊಂದು 1986ರಲ್ಲಿ 'ಅನುರಾಗ ಅರಳಿತು' ಎಂಬ ರಾಜಕುಮಾರರ ಸಿನಿಮಾ ಆಯಿತು. ಅದೇ ಕಥೆ ತೆಲುಗಿನಲ್ಲಿ ಚಿರಂಜೀವಿಗೆ, ತಮಿಳಿನಲ್ಲಿ ರಜನೀಕಾಂತರಿಗೆ, ಹಿಂದಿಯಲ್ಲಿ ಅನಿಲ್ ಕಪೂರರಿಗೆ ಅನ್ನ ಹಾಕಿತು. ಅಡುಗೆಮನೆ ಸಾಹಿತ್ಯವೆಂದು ಮೂಗು ಮುರಿದವರ ಎಷ್ಟು ಪುಸ್ತಕ ತುಂಗಭದ್ರೆ ದಾಟಿವೆಯೋ ಅವರೇ ಹೇಳಲಿ. ಟ್ರಂಕಿನ ತಳದಲ್ಲಿ ತ್ರಿವೇಣಿಯವರ 'ಶರಪಂಜರ' ಸಿಕ್ಕಿತು. ಪ್ರೇಮ ಕಾದಂಬರಿ ಎಂದುಕೊಂಡು ಮಧ್ಯಾಹ್ನ ಮಲಗಿಕೊಂಡು ಶುರು ಮಾಡಿದವನು ಎದ್ದು ಕೂತೆ. ಬಾಣಂತನದಲ್ಲಿ ಮನಸ್ಸು ಕೆಟ್ಟ ಹೆಂಗಸು ವಾಸಿಯಾಗಿ ಮನೆಗೆ ಬಂದರೂ ಮನೆಯವರಿಗೆ ವಾಸಿಯಾಗುವುದಿಲ್ಲ. ಇದನ್ನೆಲ್ಲ ಬರೆದ ಆಕೆ 1963ರಲ್ಲಿ, 35 ತುಂಬುವ ಮೊದಲೇ ಹೋಗಿಬಿಟ್ಟರು. ಸಂಜೆ ಹೆಂಡತಿ, ಕಣ್ಣು ಯಾಕೆ ಕೆಂಪಾಗಿದೆ ಎಂದು ಕೇಳಿದಳು. ನುಸಿಗುಳಿಗೆ ಎಂದೆ.

ಕಾವ್ಯಕ್ಕೆ ಬರೋಣ. ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಎಂದು ಒಂದಿರುತ್ತದೆ. ಯಾವ ಖಾತೆಗೆ ಸೇರಿದ್ದೆಂದು ತಿಳಿಯದ ಹಣವನ್ನು ಸದ್ಯಕ್ಕೆ ಅಲ್ಲಿ ಹಾಕಿಡುವುದು. ಬೇಂದ್ರೆಯವರ 'ನಾಕುತಂತಿ' ನನ್ನ ಸಸ್ಪೆನ್ಸ್ ಖಾತೆಯಲ್ಲಿ ಕಾಲೇಜಿನ ದಿನದಿಂದ ಬಿದ್ದಿದೆ. ಅದಕ್ಕೆ ಜ್ಞಾನಪೀಠ ಬಂತು, ನನಗೆ ಬಿಳಿಕೂದಲು ಬಂತು, ಎಂಟ್ರಿ ಮಾತ್ರ ಕ್ಲಿಯರ್ ಆಗಲಿಲ್ಲ. ಆದರೂ ಸ್ನಾನ ಮಾಡುವಾಗ ಬಾಯಿಗೆ ಬರುವುದು ಅದೇ. ಅಡಿಗರನ್ನು ಗಟ್ಟಿಯಾಗಿ ಓದಿದರೆ ಮೈ ಬಿಸಿಯೇರುತ್ತದೆ. ಯಾರ ಮೇಲೆ ಸಿಟ್ಟು ಬಂದಿದೆ ಎಂಬುದು ಗೊತ್ತಾಗುವುದಿಲ್ಲ, ಬಂದಿರುವುದು ಖಂಡಿತ. ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನವರು ಅವನ್ನು ಮೂರನೇ ಸುತ್ತು ಕಳಿಸುತ್ತಿದ್ದಾರೆ. ತಪ್ಪು ಡಿವಿಜಿಯವರದಲ್ಲ. ಕೆ.ಎಸ್. ನರಸಿಂಹಸ್ವಾಮಿಗಳ 'ಮೈಸೂರ ಮಲ್ಲಿಗೆ' (1942) ಒಂದೇ ನನಗೆ ಒಂದು ಆಬ್ಜೆಕ್ಷನ್ನೂ ಇಲ್ಲದೆ ಪಾಸಾದದ್ದು. ಗಂಡ, ಹೆಂಡತಿ, ಅತ್ತೆಮನೆ, ಮಾವ ಎಲ್ಲ ದಾಖಲೆ ಸಮೇತ ಹಾಜರು. ಕೆವೈಸಿ ಪೂರ್ತಿಯಾದ ಪ್ರೇಮ.

ಈ ಹುಮ್ಮಸ್ಸಿನಲ್ಲೇ ಎಡವಿದೆ. ನನ್ನ ಜೊತೆ ಕೆಲಸ ಮಾಡಿದ ಕ್ಯಾಷಿಯರೊಬ್ಬ, ನಲವತ್ತು ವರ್ಷದ ಗೆಳೆಯ, ಕವನ ಸಂಕಲನ ತಂದ. ಡುಂಡಿರಾಜರೂ ಬ್ಯಾಂಕಿನಲ್ಲಿದ್ದುಕೊಂಡೇ ಅಲ್ಲವೇ ಹನಿಗವನ ಬರೆದದ್ದು ಎಂಬ ಧೈರ್ಯ ಅವನಿಗೆ. "ನೀನೇ ಪುಸ್ತಕದ ಬಗ್ಗೆ ಮಾತಾಡಬೇಕು ಕಣಯ್ಯ, ಇದ್ದದ್ದು ಇದ್ದ ಹಾಗೆ ಹೇಳು" ಎಂದ. ಕವಿಗಳು ಹಾಗೆ ಹೇಳುವುದು ವಾಡಿಕೆ, ಅದನ್ನು ನಂಬಬಾರದು ಎಂದು ನನಗೆ ಯಾರೂ ತಿಳಿಸಿರಲಿಲ್ಲ. ಎರಡು ದಿನ ಕೂತು ಸಂಕಲನವನ್ನು ಪೂರ್ತಿ ಇನ್‌ಸ್ಪೆಕ್ಟ್ ಮಾಡಿದೆ. ವೇದಿಕೆಯ ಮೇಲೆ ನಿಂತು ವರದಿ ಒಪ್ಪಿಸಿದೆ: ಒಟ್ಟು ಕವಿತೆಗಳು 52, ಅದರಲ್ಲಿ ಬೆಳದಿಂಗಳು ಬರುವಂಥವು 31, ನಮ್ಮ ಪಂಚಾಂಗದ ಪ್ರಕಾರ ತಿಂಗಳಿಗೆ ಹುಣ್ಣಿಮೆ ಒಂದೇ. ಜನ ನಕ್ಕರು. ನಕ್ಕರೆಂದು ನಾನು ಮುಂದುವರಿದೆ. ಕೋಗಿಲೆ 14, ವಿರಹ 19; ಕವಿಗೆ ಮದುವೆಯಾಗಿ 37 ವರ್ಷವಾಗಿದ್ದು ಪತ್ನಿ ಮುಂದಿನ ಸಾಲಿನಲ್ಲೇ ಕೂತಿರುವುದರಿಂದ ಈ ವಿರಹಕ್ಕೆ ಆಧಾರ ಸಾಲದು. ಗೆಳೆಯ ನಗಲಿಲ್ಲ. ಸನ್ಮಾನದ ಹೊತ್ತಿಗೆ ಉಳಿದ ಅತಿಥಿಗಳಿಗೆಲ್ಲ ಶಾಲು, ಹಣ್ಣಿನ ಬುಟ್ಟಿ ಬಂತು. ನನ್ನ ಮುಂದೆ ಬರುವಾಗ ಬುಟ್ಟಿ ಮುಗಿದಿತ್ತು.

ಮನೆಗೆ ಬಂದ ಮೇಲೆ ಆ ಸಂಕಲನವನ್ನು ಹೆಂಡತಿ ಎತ್ತಿಕೊಂಡಳು. ಅಭ್ಯಾಸದಂತೆ ಕೊನೆಯ ಪುಟ ತೆರೆದಳು. ಓದಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟಳು. ಬೆಳದಿಂಗಳಿಲ್ಲದ, ಕೋಗಿಲೆಯಿಲ್ಲದ ಸಣ್ಣ ಪದ್ಯ. ನನ್ನ ಯಾವ ಪಟ್ಟಿಗೂ ಸೇರದೆ ತಪ್ಪಿಸಿಕೊಂಡಿತ್ತು. ತೀರಿಹೋದ ಅಮ್ಮನ ಕನ್ನಡಕ, ಕಾಲು ಮುರಿದು ದಾರ ಕಟ್ಟಿದ್ದು, ಬೀರುವಿನಲ್ಲಿ ಸಿಗುತ್ತದೆ. ಸುಮ್ಮನೆ ಹಾಕಿಕೊಂಡು ನೋಡುತ್ತಾನೆ. ಎಲ್ಲವೂ ಸ್ಪಷ್ಟವಾಗಿ ಕಾಣಿಸುತ್ತದೆ. ಇಷ್ಟೇ.

ಮೂರು ದಿನ ಬಿಟ್ಟು ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ, "ಏನಪ್ಪಾ ಇನ್‌ಸ್ಪೆಕ್ಟರೇ, ಇನ್ನೇನು ಬಾಕಿ ಇದೆ?" ಎಂದ.

"ಆ ಕನ್ನಡಕದ್ದು ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ ಕಣೋ" ಎಂದೆ.

"ಎಲ್ಲಿ ಹಾಕಿದೀಯ ಅದನ್ನ?"

"ಸಸ್ಪೆನ್ಸ್‌ನಲ್ಲಿ."

ಅವನೂ ಬ್ಯಾಂಕಿನವನಲ್ಲವೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡು, ಕ್ಲಿಯರ್ ಮಾಡೋಕೆ ಹೋಗಬೇಡ" ಎಂದ.

ಹಣ್ಣಿನ ಬುಟ್ಟಿಯ ವಿಷಯ ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.