ಗುಜರಿ ದಂಡು

ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1913ರಲ್ಲೇ ಆಟಿಕೆ ಸೈನಿಕರ ಕಾಳಗಕ್ಕೆ ನಿಯಮದ ಪುಸ್ತಕ ಬರೆದ. ನಮ್ಮ ಮಸ್ಕಿಯಲ್ಲಿ ದಂಡು ಕಟ್ಟಲು ಗುಜರಿ ಸಾಕು. ಪೆನ್ನಿನ ಮುಚ್ಚಳ ಫಿರಂಗಿ, ಸೋಡಾ ಬಿರಡೆ ಗುರಾಣಿ, ಕಸಬರಿಗೆ ಕಡ್ಡಿ ಈಟಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿ ಉಳಿದ ಎತ್ತಿಗೆ ಸೊಂಡಿಲು ಮೆತ್ತಿದರೆ ಆನೆ.

ಬಣ್ಣದ್ದೇ ಫಜೀತಿ. "ನನ್ನ ನೇಲ್ ಪಾಲಿಶ್ ಎಲ್ಲಿ ಹೋತಲೇ?" ಎಂದು ಅಕ್ಕ ಕೂಗುವಷ್ಟರಲ್ಲಿ ಕೃಷ್ಣದೇವರಾಯನ ಕಾಲಾಳುಗಳು ಗುಲಾಬಿ ರುಮಾಲು ಸುತ್ತಿ 1520ರ ರಾಯಚೂರು ಕದನಕ್ಕೆ ಸಜ್ಜು. ಆದಿಲ್‌ಶಾಹಿಯವರಿಗೆ ಎತ್ತಿನ ಕೊಂಬಿಗೆ ಬಳಿದು ಮಿಕ್ಕ ಪೇಂಟೇ ಗತಿ.

ಒಂದೇ ಮುಜುಗರ. 1915ರಲ್ಲಿ ಇಲ್ಲೇ ಸಿಕ್ಕ ಬಂಡೆಶಾಸನದಲ್ಲಿ ಅಶೋಕನ ಹೆಸರಿದೆ. ಕಳಿಂಗದ ಬಳಿಕ ಯುದ್ಧಕ್ಕೇ ಕೈಮುಗಿದ ಪುಣ್ಯಾತ್ಮ. ಅವನಿಗೂ ಒಂದು ತುಕಡಿ ಮಾಡಿದ್ದೇವೆ. ಈಟಿ ಕೊಟ್ಟಿಲ್ಲ. ಅಹಿಂಸೆಗಲ್ಲ, ಗೋಂದು ಮುಗಿದಿತ್ತು.